ತಂಗಿ ಹಾಕಿದ ಕಂಡೆನ್ಸರ್

ಅಪ್ಪನ ಹಳೇ ವಾಲ್ವ್ ರೇಡಿಯೋವನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಬೋರಲು ಮಲಗಿಸಿದರೆ, ಅಕ್ಕನ ಕಣ್ಣಿಗೆ ಮೊದಲು ಬಿದ್ದದ್ದೇ ತಂಗಿಯ ಬೆಸುಗೆ. ಒಂದು ಮೈಕಾ ಕಂಡೆನ್ಸರಿನ ಎರಡೂ ತಂತಿ ಕಾಲುಗಳಲ್ಲಿ ಮಿರಮಿರ ಮಿಂಚುತ್ತಿತ್ತು. ಸ್ಕೂಲಿಗೆ ಹೋಗುವಾಗ ಹಾಕಿದ್ದು! ಆಮೇಲೆ ತಂಗಿ ಹೊಲಿಗೆ ಅಂಗಡಿ ಇಟ್ಟಳು. ಅಪ್ಪನ ರಿಪೇರಿ ಅಂಗಡಿಗೆ ಹೆಗಲು ಕೊಟ್ಟವಳು ಅಕ್ಕ.

“ಚಿಕ್ಕವಳು ಹಾಕಿದ್ದು ಹೇಗಿದೆಯೇ?” ಕಣ್ಣು ಕಾಣದ ಅಪ್ಪ ಮೂಲೆಯ ಕುರ್ಚಿಯಿಂದಲೇ ಕೇಳಿದ.

“ಇದೆ.”

“ಇದೆ ಅಂದ್ರೆ? ಮುತ್ತಿನ ಹಾಗಿರತ್ತೆ ಕಣೇ ಅವಳ ಬೆಸುಗೆ!”

“ಬಿಚ್ಚಿ ಕೊಡ್ಲಾ, ಕೊರಳಿಗೆ ಹಾಕ್ಕೊಳ್ತೀಯಾ?”

ಮೇಣ ಸೋರಿದ ಕಾಗದದ ಕಂಡೆನ್ಸರುಗಳನ್ನೆಲ್ಲ ಕಿತ್ತು ಅಕ್ಕ ಹೊಸವು ಹಾಕಿದಳು. ಊದಿಕೊಂಡಿದ್ದ ದೊಡ್ಡದನ್ನೂ ಬದಲಾಯಿಸಿದಳು. ಮೈಕಾ ಸುಲಭಕ್ಕೆ ಕೆಡುವುದಿಲ್ಲ, ಕೆಡದಿದ್ದರೆ ಮುಟ್ಟಬಾರದು. ಗಿರಾಕಿಗಳಿಗೆ ಅವಳೇ ಹೇಳುವ ಮಾತು. ಆದರೂ ಆ ಮುತ್ತುಗಳು ಕಣ್ಣು ಚುಚ್ಚುತ್ತಿದ್ದವು. ಕಚಕ್ಕನೆ ಕತ್ತರಿಸಿ ಎಸೆದು ಹೊಸದೊಂದನ್ನು ಕೂರಿಸಿಬಿಟ್ಟಳು. ಹೊಟ್ಟೆ ತಣ್ಣಗಾಯಿತು.

ರೇಡಿಯೋ ಗೊರಗೊರ ಇಲ್ಲದೆ ಹಾಡಿತು. ಅಪ್ಪ ತಡವುತ್ತಾ ಬಂದು ತಿರುಗುಣಿ ಹಿಡಿದ. ಯಾವ ಸ್ಟೇಷನ್ನು ಎಲ್ಲಿದೆ ಎಂಬುದು ಅವನ ಹೆಬ್ಬೆರಳಿಗೇ ಗೊತ್ತು. ತಿರುಗಿಸಿದ, ನಿಲ್ಲಿಸಿದ, ಮತ್ತೆ ತಿರುಗಿಸಿದ. ಮುಖ ಸಪ್ಪಗಾಯಿತು.

“ದನಿ ಚೆನ್ನಾಗಿದೆ. ಆದ್ರೆ ಸ್ಟೇಷನ್ ಇಲ್ಲಿರಲಿಲ್ವಲ್ಲೇ. ಇದು ನನ್ನ ರೇಡಿಯೋನಾ, ಇನ್ಯಾರದ್ದೋ?”

ಸ್ಟೇಷನ್ನುಗಳನ್ನು ಅವುಗಳ ಜಾಗದಲ್ಲಿ ಹಿಡಿದಿಟ್ಟಿದ್ದದ್ದು ಆ ಮೈಕಾನೇ. ಅಕ್ಕ ಪ್ಲಗ್ ಕಿತ್ತು, ಕಸದ ಡಬ್ಬಿಗೆ ಕೈ ಹಾಕಿದಳು. ತಂಗಿಯ ಕಂಡೆನ್ಸರ್ ಸಿಕ್ಕಿತು. ಆದರೆ ಕತ್ತರಿಸಿದ ಕಾಲು ಗಿಡ್ಡ. ತುಂಡು ತಂತಿ ಸೇರಿಸಿ ಬೆಸೆದರೆ ಗಂಟು ಗಂಟಾಯಿತು. ಹಾಕಿ ನೋಡಿದರೆ ಸ್ಟೇಷನ್ನು ತನ್ನ ಹಳೇ ಜಾಗಕ್ಕೆ ಬಂದು ಕೂತಿತ್ತು. ಪೆಟ್ಟಿಗೆಗೆ ಸೇರಿಸುವ ಮುಂಚೆ ಕೊನೆಯ ಸಲ ನೋಡೋಣವೆಂದು ಆರಿಸಿ ಬೋರಲು ಹಾಕಿದ್ದಳಷ್ಟೆ, ತಂಗಿ ಒಳಗೆ ಬಂದಳು.

“ಬಾರೇ ಚಿಕ್ಕವಳೇ! ನಿನ್ನ ಬೆಸುಗೆ ಹಾಗೇ ಇದೆಯಾ ನೋಡು,” ಎಂದ ಅಪ್ಪ.

ತಂಗಿ ಬಗ್ಗಿದಳು. ಗಂಟು ನೋಡಿದಳು, ಅಕ್ಕನನ್ನು ನೋಡಿದಳು.

“ನಂದು ಸಡಿಲ ಆಗಿತ್ತು ಅನ್ಸತ್ತಪ್ಪ. ಅಕ್ಕ ಹೊಸದಾಗಿ ಬೆಸೆದಿದ್ದಾಳೆ. ಮುತ್ತಿನ ಹಾಗಿದೆ.”

“ಹೌದಾ! ನಮ್ಮ ದೊಡ್ಡವಳ ಕೈ ಅಂದ್ರೆ ಸುಮ್ನೇನಾ!”

ಎಷ್ಟೋ ವರ್ಷದಿಂದ ಕಾದ ಮಾತು. ಅದನ್ನೂ ಕೊನೆಗೆ ಅವಳೇ ಕೊಡಿಸಬೇಕಾಯಿತೇ? ಸುಳ್ಳನ್ನೂ ಎಷ್ಟು ನಯವಾಗಿ ಬೆಸೆದಳಲ್ಲ, ಹಾಳಾದವಳು! ಅಕ್ಕನ ಹೊಟ್ಟೆಯಲ್ಲಿ ಯಾರೋ ಮತ್ತೆ ಕಡ್ಡಿ ಗೀರಿದಂತಾಯಿತು.