ಮೂರನೆಯ ಕವಲು

ನಮ್ಮ ಮನೆಯ ಫ್ರಿಜ್ಜಿಗೆ ಕೈಹಾಕಬೇಕಾದರೆ ಹೆಂಡತಿಯ ಅಪ್ಪಣೆ ಬೇಕು. ವಿಲ್ನಾ ಸಸ್ಯಶಾಸ್ತ್ರದ ಪುಸ್ತಕಗಳಿಗೆ ಹೂವಿನ ಚಿತ್ರ ಬರೆಯುವವಳು. ಒಂದು ಕೇಸರವೂ ಹೆಚ್ಚುಕಮ್ಮಿಯಾಗುವಂತಿಲ್ಲ. ಬರೆದು ಮುಗಿಯುವ ತನಕ ಹೂ ಬಾಡಬಾರದೆಂದು ಬೆಣ್ಣೆಯ ಪಕ್ಕದಲ್ಲೇ ಇಟ್ಟಿರುತ್ತಾಳೆ.

ಈ ಚಳಿಗಾಲದಲ್ಲಿ ಪಾರ್ಲ್ ಹತ್ತಿರದ ಕೆರೆಯೊಂದರಲ್ಲಿ ಅವಳಿಗೆ ಮೂರು ಕವಲಿನ ನೀರುಹೂ ಸಿಕ್ಕಿತು. ಅಡುಗೆಗೂ ಹಾಕುವ ಈ ನೀರುಹೂವಿಗೆ ಎರಡೇ ಕವಲೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಕಂಡದ್ದನ್ನು ಕಂಡಂತೆ ಬರೆದು ಕಳಿಸಿದಳು. ಪುಸ್ತಕದ ಸಂಪಾದಕ ಪ್ರೊಫೆಸರ್ ಫೌರಿ ಫೋನಿನಲ್ಲೇ ನಕ್ಕರು.

"ಆ ಮೂರನೇದು ನಿನ್ನ ಕುಂಚದಲ್ಲಿ ಹುಟ್ಟಿದ್ದಮ್ಮ. ಭಾನುವಾರ ಬರ್ತೀನಿ, ಹೂ ತೋರಿಸು. ಇಲ್ಲಾಂದ್ರೆ ನಿನ್ನ ಒಂದು ಚಿತ್ರಾನೂ ಪುಸ್ತಕಕ್ಕೆ ಹೋಗಲ್ಲ."

ಸುಳ್ಳು ಬರೆಯುತ್ತಾಳೆ ಅನ್ನಿಸಿಕೊಂಡದ್ದಕ್ಕೆ ವಿಲ್ನಾ ಸರಿಯಾಗಿ ಊಟವನ್ನೇ ಮಾಡಲಿಲ್ಲ.

ಭಾನುವಾರ ನಾವು ಫೌರಿಯವರನ್ನು ಸ್ಟೇಷನ್ನಿನಿಂದ ಕರೆತರುವಷ್ಟರಲ್ಲಿ, ಊರಿನಿಂದ ಬಂದಿದ್ದ ನಮ್ಮಮ್ಮ ಅಡುಗೆ ಮುಗಿಸಿದ್ದಳು. ಕುರಿಮಾಂಸಕ್ಕೆ ನೀರುಹೂ ಹಾಕಿ ಬೇಯಿಸಿದ ಬ್ರೀಡಿ ಘಮಘಮಿಸುತ್ತಿತ್ತು. ಹೂ ಆಮೇಲಾಯಿತು ಎಂದು ಪ್ರೊಫೆಸರರು ನೇರ ಊಟಕ್ಕೇ ಕೂತರು, ಅಮ್ಮ ಬಡಿಸಿಯೂ ಬಿಟ್ಟಳು. ವಿಲ್ನಾ ಫ್ರಿಜ್ ತೆರೆದು ಹಾಗೇ ನಿಂತಳು.

"ಅತ್ತೆ, ಡಬ್ಬಿಯಲ್ಲಿದ್ದ ಹೂ?"

"ಹಾಕ್ದೆ. ಪಾಪ, ಒಂದೇ ಒಂದು ಅನಾಥವಾಗಿ ಬಿದ್ದಿತ್ತು."

"ಅದಕ್ಕೆ ಮೂರು ಕವಲಿತ್ತು."

"ಬೆಂದ್ಮೇಲೆ ಎಲ್ಲಾ ಒಂದೇ ಕಣೆ."

ನಾನು ಪಾತ್ರೆಯನ್ನೇ ಮೇಜಿಗೆ ತಂದೆ. ಸೌಟು ಹಾಕಿ ತಳದ ತನಕ ಜಾಲಾಡಿದೆವು. ಎಲ್ಲವೂ ಎರಡು ಕವಲಿನವೇ.

"ಒಳ್ಳೇ ನೆಪ," ಎನ್ನುತ್ತ ಫೌರಿ ತಮ್ಮ ತಟ್ಟೆಯ ಹೂವೊಂದನ್ನು ಫೋರ್ಕಿಗೆ ಚುಚ್ಚಿ ಕಚ್ಚಿದರು. ನನಗೆ ಆ ಮನುಷ್ಯನ ತಲೆಗೆ ಸೌಟಿನಿಂದ ಕುಟ್ಟಬೇಕೆನ್ನಿಸಿತು.

ವಿಲ್ನಾ ಮಾತ್ರ ಆ ಫೋರ್ಕನ್ನೇ ನೋಡುತ್ತಿದ್ದಳು. ಅದರಲ್ಲಿ ಎರಡು ಕವಲು ಉಳಿದಿದ್ದವು, ಪಕ್ಕದಲ್ಲೊಂದು ಮೋಟು.

"ಪ್ರೊಫೆಸರ್, ನುಂಗಬೇಡಿ."

ಅವರ ದವಡೆ ನಿಂತಿತು. ವಿಲ್ನಾ ಸಾಸರ್ ಹಿಡಿದಳು. ಅಷ್ಟು ದೊಡ್ಡ ವಿದ್ವಾಂಸರು ಬಾಯಲ್ಲಿದ್ದದ್ದನ್ನು ಅದರಲ್ಲಿ ಉಗಿದು, ಜೇಬಿನಿಂದ ಭೂತಗನ್ನಡಿ ತೆಗೆದು ಬಗ್ಗಿ ನೋಡತೊಡಗಿದರು.

"ನನ್ನ ಅಡುಗೇಲಿ ಕಲ್ಲು ಹುಡುಕ್ತಿದ್ದಾರೇನೋ?" ಅಮ್ಮ ನನ್ನ ಮೇಲೆ ರೇಗಿದಳು.

ಫೌರಿ ತುಂಡನ್ನು ಮೋಟಿಗೆ ಜೋಡಿಸಿದರು. ಸರಿಯಾಗಿ ಕೂತಿತು.

"ಮೂರು," ಅಂದರು ಸಾಸರಿಗೆ ಹೇಳುವವರಂತೆ. ಆಮೇಲೆ ತಲೆಯೆತ್ತಿದರು. "ತಪ್ಪಾಯ್ತಮ್ಮ. ನೀನು ಬರೆದದ್ದೇ ಸರಿ."

ವಿಲ್ನಾ ಅತ್ತೇಬಿಟ್ಟಳು.

ಸ್ವಲ್ಪ ಹೊತ್ತಿಗೆ ಪ್ರೊಫೆಸರರು ನಾಚಿಕೊಳ್ಳುತ್ತಲೇ ಇನ್ನಷ್ಟು ಬಡಿಸಿಕೊಳ್ಳಲು ತಟ್ಟೆ ಚಾಚಿದರು. ಅಮ್ಮ ಒಂದು ಹೂವನ್ನು ಸೌಟಿನಲ್ಲಿ ಎತ್ತಿದವಳು, ಬಡಿಸದೆ ಮೊದಲು ಸೊಸೆಯ ಕಣ್ಣ ಮುಂದೆ ಹಿಡಿದಳು.

"ಇದನ್ನ ಹಾಕ್ಲೇನೇ?"