ಎರಡು ಬೆರಳಗಲದ ನೇಯ್ಗೆ

ಮಿತ್ಸುಯೊ ಅಜ್ಜಿ ನಡೆಯುವಾಗ ಬಲಗಾಲು ಒಂದು ಗಳಿಗೆ ಹಿಂದೆ ಉಳಿದು, ಕಾಣದ ಹಗ್ಗವೊಂದನ್ನು ಎಳೆದುಕೊಂಡೇ ಮುಂದೆ ಬರುತ್ತಿತ್ತು. ಐವತ್ತೆಂಟು ವರ್ಷ ಮಗ್ಗದ ಹಗ್ಗವನ್ನು ಆ ಪಾದದಿಂದಲೇ ಎಳೆದವಳಿಗೆ ನಮ್ಮೂರು ಯೂಕಿಯ ಬೀದಿಯೂ ಮಗ್ಗದಂತೆಯೇ ತೋರುತ್ತಿತ್ತೇನೋ! ಹತ್ತಿ ತುಂಬಿದ, ತೋಳು ಸವೆದ ಮೇಲಂಗಿಗೆ ಸದಾ ರೇಷ್ಮೆಯ ಎಳೆಗಳು ಅಂಟಿರುತ್ತಿದ್ದವು. ಎದುರಾದವರಿಗೆಲ್ಲ ಆಕೆಯ ಕುಶಲಪ್ರಶ್ನೆ ಒಂದೇ: "ಸೊಂಟ ಏನನ್ನುತ್ತೆ?" ಪಕ್ಕದ ಮನೆಯವನಾದ, ಲಾಳಿ ಮುಟ್ಟಿಯೂ ಅರಿಯದ ನನ್ನನ್ನೂ ಬಿಟ್ಟವಳಲ್ಲ.

ಸೊಂಟವೇ ಆಕೆಯ ಶಾಸ್ತ್ರ. ನಮ್ಮೂರ ಮಗ್ಗದಲ್ಲಿ ಹಾಸಿನ ನೂಲನ್ನು ನೇಯುವವಳ ಸೊಂಟಪಟ್ಟಿಗೇ ಕಟ್ಟುತ್ತಾರೆ. ಆಕೆ ಹಿಂದಕ್ಕೆ ವಾಲಿದಷ್ಟು ಬಿಗಿ; ಒಬ್ಬೊಬ್ಬಳ ಬಿಗಿ ಒಂದೊಂದು. ಆದ್ದರಿಂದ ಬಟ್ಟೆಯ ಒಂದು ಥಾನಿಗೆ ಒಂದೇ ಸೊಂಟ, ನಡುವೆ ಇನ್ನೊಬ್ಬಳು ಕೂರಕೂಡದು.

ಅಜ್ಜಿಯ ಬಳಿಯೇ ನೇಯ್ಗೆ ಕಲಿತ ಸೊಸೆ ಫುಮಿ ಎಂಟು ತಿಂಗಳು ಬೆವರಿಳಿಸಿ ತನ್ನ ಮೊದಲ ಥಾನನ್ನು ಮುಗಿಸುವುದರಲ್ಲಿದ್ದಳು. ಮರುದಿನ ತಪಾಸಣೆ. ಬಟ್ಟೆಗೆ ಒಪ್ಪಿಗೆಯ ಮುದ್ರೆ ಬಿದ್ದರೆ ಊರು ಒಪ್ಪಿದ ನೇಕಾರ್ತಿ. ಇಲ್ಲವಾದರೆ ಮತ್ತೆ ಮೊದಲಿನಿಂದ ಕಲಿಕೆ. ನೇಯ್ಗೆಯ ಆ ಕೊನೆಯ ಬೆಳಗ್ಗೆ ಅಜ್ಜಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒಣಗೆಣಸು ತರಲು ಫುಮಿ ಪೇಟೆಗೆ ಹೋದದ್ದೇ ತಡ, ಕೈ ತಡೆಯಲಾರದೆ ಪಟ್ಟಿ ಬಿಗಿದುಕೊಂಡು ಎರಡು ಬೆರಳಗಲ ನೇಯ್ದೇಬಿಟ್ಟಳು! ಕಿಟಕಿಯಿಂದ ಅದನ್ನು ನಾನು ಕಂಡುಬಿಟ್ಟೆ. ಅಜ್ಜಿ ತುಟಿಯ ಮೇಲೆ ಬೆರಳಿಟ್ಟು ಕಣ್ಣರಳಿಸಿದಳು.

ಫುಮಿ ಬಂದು ಕೂತು, ನೇಯ್ಗೆಯ ಮೇಲೆ ಹೆಬ್ಬೆರಳಾಡಿಸಿ ನಿಲ್ಲಿಸಿದಳು.

"ಅತ್ತೆ, ಇಲ್ಲಿ ಯಾರು ಕೂತಿದ್ರು?"

"ಯಾರು ಕೂರ್ತಾರೆ? ಬೆಕ್ಕು ಕೂತಿರಬೇಕು."

"ಬೆಕ್ಕಿಗೆ ಇಷ್ಟು ಗಟ್ಟಿ ಸೊಂಟ ಎಲ್ಲಿಂದ ಬಂತು? ಇದು ನಿಮ್ಮ ಕೆಲಸವೇ. ಬಿಚ್ತೀನಿ."

"ಏನಂದೆ? ನಲವತ್ತು ಸಲ ಮುದ್ರೆ ಬಿದ್ದ ಕೈ ಕಣೇ ಇದು!"

"ಇರಬಹುದು. ಈ ಥಾನು ನಂದು."

ಫುಮಿ ಎಳೆ ಬಿಚ್ಚತೊಡಗಿದಳು. ಅಜ್ಜಿ ಬಾಯಿ ತೆರೆದು ನೋಡಿದಳು. ಮರುಕ್ಷಣ ಬರಿಗಾಲಲ್ಲೇ ಬೀದಿಗೆ ಓಡಿ, ಎರಡೂ ಕೈಯೆತ್ತಿ ಕೂಗಿದಳು: "ಕೇಳಿದ್ರೇನ್ರೋ! ನನ್ನ ನೇಯ್ಗೆಯನ್ನೇ ಬಿಚ್ತಾಳಂತೆ! ನನ್ನ ಸೊಸೆಗೆ ಸೊಂಟ ಬಂತು ಕಣ್ರೋ!"

ಮುದ್ರೆ ಬಿದ್ದದ್ದು ಮರುದಿನ. ಅಷ್ಟರಲ್ಲಿ ಅಜ್ಜಿ ಓಣಿಗೆಲ್ಲ ಗೆಣಸು ಹಂಚಿ ಮುಗಿಸಿದ್ದಳು.

ತಮ್ಮ ಬಳಿ ಕಲಿತವರಿಂದಲೇ ಸೋಲನ್ನು ಬಯಸಬೇಕೆಂದು ಹಿರಿಯರು ಹೇಳುವುದುಂಟು. ಹಾಗೆ ಬಯಸುವವರು ಹಲವರು, ಸೋತ ದಿನ ಬೀದಿಗಿಳಿದು ಕುಣಿಯುವವರು ವಿರಳ. ಅಂಥವರಿದ್ದ ಮನೆಯಲ್ಲಿ ಮಗ್ಗ ನಿಲ್ಲುವುದಿಲ್ಲ.