ಹಾಯಿದೋಣಿಯ ಕಿಟಕಿಗಳು

ಅರಿಶಿನಕುಂಟೆಯವರು ಕಡಲು ನೋಡಬೇಕೆಂದರೆ ಒಂದು ಹಗಲು ಪೂರ್ತಿ ಬಸ್ಸಿನಲ್ಲಿ ಕೂರಬೇಕು. ಅಂಥ ಊರಿನಲ್ಲಿ, ರಾಮಾಂಜಿನಪ್ಪನ ಮನೆಯ ಹಿಂದೆ, ಹಲಸಿನ ಮರದಡಿ ಒಂದು ಹಾಯಿದೋಣಿ ಕೂತಿತ್ತು.

ತಂದವನು ಮಗ ಆನಂದ್. ಸೋಂಪುರದಲ್ಲಿ ಫೈಬರ್ ಟ್ಯಾಂಕ್ ಮಾಡುವ ಕಾರ್ಖಾನೆಯಲ್ಲಿ ಅವನ ಕೆಲಸ. ರಿಪೇರಿಗೆಂದು ಯಾರೋ ತಂದುಬಿಟ್ಟ ದೋಣಿ ಅಲ್ಲೇ ಬಿಸಿಲು ಕಾಯುತ್ತಿತ್ತು. ಬಿಟ್ಟವರು ತಿರುಗಿ ಬರಲಿಲ್ಲ. ಬೇಕಾದರೆ ಒಯ್ಯಿ, ಜಾಗ ಖಾಲಿಯಾಗಲಿ ಎಂದರು ಮಾಲೀಕರು. "ನೀರೇ ಇಲ್ದಿರೋ ಊರಿಗೆ ಹಡಗು ತಂದವ್ನಲ್ಲಪ್ಪಾ!" ಎಂದು ಊರು ನಕ್ಕಿತು. ಆನಂದನೂ ಜೊತೆಗೆ ನಕ್ಕು, ತಳದ ಬಿರುಕಿಗೆ ತೇಪೆ ಹಾಕಲು ಕೂತ.

ಉಳಿದದ್ದು ಎರಡು ಕಿಟಕಿ. ಹಳೆಯವು ಬಿಸಿಲಿಗೆ ಬೆಳ್ಳಗೆ ಮಂಜಾಗಿ, ಸಂದಿಯಲ್ಲಿ ಮಳೆನೀರು ಸೋರಿ, ಒಳಗಿನ ಹಲಗೆ ಕೊಳೆತಿತ್ತು. ಅವನ್ನು ಕಿತ್ತು, ಹೊಸ ಅಕ್ರಿಲಿಕ್ ಹಾಳೆ ಕತ್ತರಿಸಿ, ಚೌಕಟ್ಟಿಗೆ ಗೋಂದು ಬಳಿದು, ಸ್ಕ್ರೂ ಹಾಕಿ ಕೂರಿಸಿದ. ಅದೇ ಸಂಜೆ ಹೊಟ್ಟೆನೋವೆಂದು ಆಸ್ಪತ್ರೆ ಸೇರಿದವನಿಗೆ ಲಿವರಿನಲ್ಲಿ ಬೇಡದ್ದು ಬೆಳೆದಿದೆ ಎಂದರು. ಬೆಳೆದು ಬಹಳ ದಿನವಾಗಿತ್ತಂತೆ.

ಮಾರನೆಯ ಬೆಳಿಗ್ಗೆ ಬಟ್ಟೆ ಒಯ್ಯಲು ಮನೆಗೆ ಬಂದ ರಾಮಾಂಜಿನಪ್ಪ ದೋಣಿಯ ಹತ್ತಿರ ಹೋದ. ಸ್ಕ್ರೂಗಳೆಲ್ಲ ಸಡಿಲವಾಗಿ ನಿಂತಿದ್ದವು. ಬಿಗಿಮಾಡುವ ಶಕ್ತಿಯೂ ಇಲ್ಲದೆ ಹೋಯಿತಲ್ಲಾ ನನ್ನ ಮಗನಿಗೆ ಎಂದು ಸ್ಕ್ರೂಡ್ರೈವರ್ ಹುಡುಕಿ ತಂದ. ಆಯಸ್ಸೆಲ್ಲ ಬೋರ್‌ವೆಲ್ ಮೋಟಾರು ಎತ್ತಿ ಇಳಿಸಿದ ಆಸಾಮಿ ಅವನು. ಪೈಪಿನ ಬೋಲ್ಟು ಬಿಗಿಯಿದ್ದರೆ ನೀರು ನಿಲ್ಲುತ್ತದೆ, ಸಡಿಲವಿದ್ದರೆ ಚಿಮ್ಮುತ್ತದೆ. ಅವನ ವೇದವೆಲ್ಲ ಇಷ್ಟೇ. ಒಂದೊಂದು ಸ್ಕ್ರೂವನ್ನೂ ಕಿರ್ ಎನ್ನುವವರೆಗೆ ತಿರುಗಿಸಿದ. ಹೊರಬಂದ ಗೋಂದನ್ನು ನೀಟಾಗಿ ಹೆರೆದು ಒರೆಸಿದ. ಮಗ ಬಂದು ನೋಡಿ ಖುಷಿಪಡುತ್ತಾನೆ ಅಂದುಕೊಂಡ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆ ಇದೇ.

ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಕೈಚೆಲ್ಲಿದ ಮೇಲೆ ಆನಂದ್ ಮನೆಗೆ ಬಂದ. ಮೂಳೆಯ ಮೇಲೆ ಅಂಗಿ ಹಾಕಿದಂತಿದ್ದ.

"ದೋಣಿ ಕಡ್ಲಿಗೆ ಹೋಗೋದು ನಾನು ನೋಡಲ್ಲ, ಬಿಡು," ಎಂದ ಹೆಂಡತಿ ಸಿಂಧುವಿಗೆ. "ಒಳಗೆ ಒಂದು ಹನಿ ನೀರು ಬರ್ದಂಗೆ ಆದ್ರೆ ಸಾಕು. ನಾನು ಮಾಡಿದ್ದು ಒಂದಾದ್ರೂ ನೆಟ್ಟಗಾಯ್ತು ಅನ್ಕೋತೀನಿ. ಸ್ಕ್ರೂ ಯಾರೂ ಮುಟ್ಟಿಲ್ಲ ತಾನೆ?"

"ಯಾಕೆ?"

"ಗೋಂದು ಒಣಗಿದ್ಮೇಲೆ ಚೂರೇ ಚೂರು ತಿರುಗಿಸ್ಬೇಕು. ಹಸೀಲೇ ಬಿಗಿ ಮಾಡಿದ್ರೆ ಎಲ್ಲಾ ಆಚೆ ಬಂದ್ಬಿಡುತ್ತೆ. ನೀರು ತಡೆಯೋಕೆ ನಡುವೆ ಏನೂ ಉಳಿಯಲ್ಲ."

ಬಾಗಿಲಲ್ಲಿ ನಿಂತಿದ್ದ ರಾಮಾಂಜಿನಪ್ಪನಿಗೆ ಅದು ಕೇಳಿಸಿತು. ಹೇಳಿಬಿಡೋಣ ಎಂದು ಬಾಯಿ ತೆರೆದ. ಮಗನ ಹಳದಿ ಕಣ್ಣು ನೋಡಿ, ಹತ್ತಿರ ಹೋಗಿ ಹೊದಿಕೆ ಸರಿಮಾಡಿದ. ಮತ್ತೆ ಕಿತ್ತು ಕೂರಿಸೋಣವೆಂದರೆ ಆ ಕೈಗಳಿಗೆ ಈಗ ಲೋಟ ಹಿಡಿಯುವುದೂ ಕಷ್ಟ.

ಮಧ್ಯಾಹ್ನ ಆನಂದ್ ದೋಣಿ ನೋಡಲೇಬೇಕೆಂದು ಹಟ ಹಿಡಿದ. ಅಪ್ಪ ಮತ್ತು ಸಿಂಧು ಅವನನ್ನು ನಡೆಸಿಕೊಂಡು ಹೋದರು. ಅವನು ಕಿಟಕಿಯ ಅಂಚಿನ ಮೇಲೆ ಬೆರಳಾಡಿಸಿದ. ಒಂದು ಸ್ಕ್ರೂ ಮುಟ್ಟಿದ, ಇನ್ನೊಂದು ಮುಟ್ಟಿದ. ಆಮೇಲೆ ಅಪ್ಪನ ಕಡೆ ನೋಡಿದ. ರಾಮಾಂಜಿನಪ್ಪ ಹಲಸಿನ ಮರ ನೋಡುತ್ತಿದ್ದ.

"ಚೆನ್ನಾಗಿ ಕೂತಿದೆ," ಎಂದ ಆನಂದ್. "ನಾನು ಒಳಗೆ ಕೂತ್ಕೋತೀನಿ. ಅಪ್ಪಾ, ನೀನು ಪೈಪಲ್ಲಿ ನೀರು ಬಿಡು."

ಟವೆಲು ಹೊದೆಸಿ ಅವನನ್ನು ಒಳಗೆ ಕೂರಿಸಿದರು. ರಾಮಾಂಜಿನಪ್ಪ ಪೈಪು ಹಿಡಿದು, ಕಿಟಕಿಗಳನ್ನು ಮಾತ್ರ ಬಿಟ್ಟು ಮಿಕ್ಕೆಲ್ಲ ಕಡೆ ನೀರು ಹೊಡೆದ.

"ಕಿಟಕಿಗೆ ಬಿಡಪ್ಪಾ!" ಒಳಗಿಂದ ಕೂಗು ಬಂತು.

ಬಿಟ್ಟ. ಒಂದೊಂದು ಹನಿಯೂ ತನ್ನ ಎದೆಗೇ ಬೀಳುತ್ತಿದ್ದಂತೆ ನಿಂತಿದ್ದ. "ಏನ್ಲಾ ಮಗಾ, ಬರ್ತೈತಾ?"

"ಇಲ್ಲ. ಇನ್ನೂ ಬಿಡು."

ಇನ್ನೂ ಬಿಟ್ಟ.

"ಒಂದು ಹನೀನೂ ಇಲ್ಲ ಕಣಪ್ಪಾ!"

ರಾಮಾಂಜಿನಪ್ಪನಿಗೆ ಕುಣಿಯುವಂತಾಯಿತು. ದೇವರು ದೊಡ್ಡವನು, ಮುಠ್ಠಾಳನ ಕೈಯನ್ನೂ ಕಾಯುತ್ತಾನೆ ಎಂದುಕೊಂಡು ಪೈಪು ಬಿಸುಟು ಏಣಿ ಹತ್ತಿದ.

ಒಳಗೆ ಎರಡೂ ಕಿಟಕಿಗಳ ಕೆಳಗೆ ನೀರು ಇಳಿದ ಗೆರೆಗಳಿದ್ದವು. ಆನಂದ್ ಒಂದು ಕಿಟಕಿಗೆ ಬೆನ್ನು ಒತ್ತಿ, ಇನ್ನೊಂದರ ಕೆಳಗೆ ಟವೆಲು ತುರುಕಿ ಕೂತಿದ್ದ. ಅಂಗಿ ಬೆನ್ನಿಗಂಟಿ ತೊಟ್ಟಿಕ್ಕುತ್ತಿತ್ತು. ಚಳಿಗೆ ತುಟಿ ನೀಲಿಯಾಗಿತ್ತು. ನಗುತ್ತಿದ್ದ.

"ಇದೇನ್ಲಾ?"

"ಬೆವರು ಕಣಪ್ಪಾ. ಒಳಗೆ ತುಂಬಾ ಸೆಕೆ."

ರಾಮಾಂಜಿನಪ್ಪನಿಗೆ ಎಲ್ಲ ಅರ್ಥವಾಯಿತು. ಮಗನ ಕಾಲಿಗೆ ಬೀಳಬೇಕೆನಿಸಿತು. ಬಿದ್ದರೆ ಮಗ ನೀರಿಗೆ ಬೆನ್ನು ಕೊಟ್ಟು ಕೂತದ್ದೆಲ್ಲ ದಂಡವಾಗುತ್ತಿತ್ತು.

"ಹೂಂ ಕಣ್ಲಾ," ಎಂದ, ದನಿ ಗಟ್ಟಿ ಮಾಡಿಕೊಂಡು. "ಎಲ್ಲಾ ಮುಚ್ಚಿಬಿಟ್ಟಿದ್ದೀಯಲ್ಲ, ಗಾಳಿ ಎಲ್ಲಿಂದ ಬರಬೇಕು? ಭಾಳ ಚೆನ್ನಾಗಿ ಮಾಡಿದ್ದೀಯ."

ಮಗನನ್ನು ತೋಳಲ್ಲಿ ಎತ್ತಿಕೊಂಡು ಇಳಿದ. ಮೂರು ವರ್ಷದವನಿದ್ದಾಗ ಹೊತ್ತದ್ದಕ್ಕಿಂತ ಹಗುರವೆನಿಸಿತು.

ಮನೆಯೊಳಗೆ ಮಲಗಿಸಿ, ಸಿಂಧು ಬೇರೆ ಅಂಗಿ ತೊಡಿಸುತ್ತಿದ್ದಾಗ ಆನಂದನ ಅಮ್ಮ ಮುನಿವೆಂಕಟಮ್ಮ ಅಡುಗೆಮನೆಯಿಂದ ಬಂದು ಗಂಡನ ಕೈಲಿದ್ದ ಟವೆಲು ನೋಡಿದಳು.

"ನೀರು ಬಂತಾ?"

"ಒಂದು ಹನಿ ಬಂದಿಲ್ಲ ಕಣೇ," ಎಂದ ಅವನು, ಒಳಗೆ ಕೇಳುವಷ್ಟು ಜೋರಾಗಿ.

"ಮತ್ತೆ ಇದ್ಯಾಕೆ ಹಿಂಗೆ ನೆಂದೈತೆ?"

"ಮಗ ಬೆವರವ್ನೆ."

ಬೆಳಿಗ್ಗೆಯಿಂದ ಆ ಮಗನ ತಣ್ಣನೆಯ ಪಾದಕ್ಕೆ ಎಣ್ಣೆ ತಿಕ್ಕಿದ ತಾಯಿ ಅವಳು. ಗಂಡನ ಮುಖವನ್ನೊಮ್ಮೆ ನೋಡಿದಳು. ಟವೆಲನ್ನು ಅವನ ಕೈಯಿಂದ ತೆಗೆದುಕೊಂಡು, ಹಿತ್ತಲಿಗೆ ಹೋಗಿ, ಸದ್ದಾಗದಂತೆ ಹಿಂಡಿದಳು.